ಒಪ್ಪಂದಕ್ಕೆ ಸಹಿಯಾಗಿದೆ, ಉದ್ಯಮಿಗಳು ಬರುತ್ತಿಲ್ಲ: ಪ್ರಾದೇಶಿಕ ನಾವೀನ್ಯ ಜಾಲ ಎಲ್ಲಿ ಸಿಕ್ಕಿಕೊಂಡಿದೆ?

ವಿಶ್ವವಿದ್ಯಾಲಯ, ಉದ್ಯಮಿಗಳ ಸಂಘ ಮತ್ತು ಸ್ಥಳೀಯ ಆಡಳಿತ ಸೇರಿ, ಸಂಶೋಧನೆಯ ಜ್ಞಾನವನ್ನು ಉದ್ಯಮಗಳಿಗೆ ತಲುಪಿಸುವ ನಾವೀನ್ಯ ಜಾಲವೊಂದನ್ನು ಸ್ಥಾಪಿಸಿ ಎರಡು ವರ್ಷಗಳಾಗಿವೆ, ಸಭೆಗಳು ತಪ್ಪದೆ ನಡೆಯುತ್ತಿವೆ, ಆದರೆ ಸಣ್ಣ ಉದ್ಯಮಿಗಳು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸುತ್ತಿದ್ದಾರೆ. ಇಂಥ ಜಾಲಗಳಿಂದ ನಿಜಕ್ಕೂ ಪ್ರಯೋಜನವಿದೆಯೇ, ಇದ್ದರೆ ನಾವು ಎಡವಿದ್ದು ಎಲ್ಲಿ ಎಂದು ಕೇಳಿದ್ದೀರಿ. ಇಂಥದೇ ಒಂದು ಜಾಲದಲ್ಲಿ ಹಲವು ವರ್ಷ ಸಂಯೋಜಕನಾಗಿ ದುಡಿದ ಅನುಭವದಿಂದ ಉತ್ತರಿಸುತ್ತೇನೆ. ಪ್ರಯೋಜನವಿದೆ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮೂರು ಸಂಸ್ಥೆಗಳ ಮುಖ್ಯಸ್ಥರು ಒಂದು ಕಾಗದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಜಾಲ ಹುಟ್ಟುವುದಿಲ್ಲ. ಯಾರದೋ ಒಂದು ನಿರ್ದಿಷ್ಟ ತೊಂದರೆಯನ್ನು ಹೊತ್ತುಕೊಂಡು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಓಡಾಡುವ ಮನುಷ್ಯನಿದ್ದರೆ ಮಾತ್ರ ಅದು ಹುಟ್ಟುತ್ತದೆ, ಮತ್ತು ಆ ಓಡಾಟಕ್ಕೆ ಸಂಬಳ ಕೊಡುವವರು ಯಾರಾದರೂ ಇದ್ದರೆ ಮಾತ್ರ ಉಳಿಯುತ್ತದೆ.

ನಾನು ಇದನ್ನು ಕಲಿತದ್ದು ಒಂದು ಪಂಪಿನ ಕವಚದಿಂದ. ಅಲ್ಯೂಮಿನಿಯಂ ಎರಕದ ಸಣ್ಣ ಕಾರ್ಖಾನೆಯೊಂದರ ಮಾಲೀಕರು ಒಂದು ದಿನ ಆ ಕವಚವನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಯಂತ್ರದಲ್ಲಿ ಕಡೆದು ನುಣುಪಾಗಿಸಿದ ಅದರ ಮೈಮೇಲೆ ಸೂಜಿಯಲ್ಲಿ ಚುಚ್ಚಿದಂಥ ರಂಧ್ರಗಳಿದ್ದವು. ವರ್ಷದ ಕೆಲವು ತಿಂಗಳುಗಳಲ್ಲಿ ಮಾತ್ರ ಹೀಗೆ ಮಾಲು ವಾಪಸ್ಸು ಬರುತ್ತದೆ, ಅಚ್ಚನ್ನು ಎರಡು ಸಲ ಬದಲಿಸಿದರೂ ಗುಣ ಕಾಣಲಿಲ್ಲ ಎಂದು ಅವರು ಹೇಳಿದರು. ಒಂದು ವರ್ಷದಿಂದ ನಮ್ಮ ಸಭೆಗಳಿಗೆ ಬರುತ್ತಿದ್ದ ಅವರು ಅಲ್ಲಿ ಒಮ್ಮೆಯೂ ಈ ವಿಷಯ ಎತ್ತಿರಲಿಲ್ಲ. ಕಾರ್ಯಸೂಚಿಯಲ್ಲಿ ‘ಭವಿಷ್ಯದ ತಂತ್ರಜ್ಞಾನಗಳು’ ಎಂದಿರುವಾಗ, ಪ್ರಾಧ್ಯಾಪಕರೂ ಅಧಿಕಾರಿಗಳೂ ತುಂಬಿದ ಕೋಣೆಯಲ್ಲಿ ಎದ್ದು ನಿಂತು ತನ್ನ ಎರಕದಲ್ಲಿ ತೂತು ಬೀಳುತ್ತಿದೆ ಎಂದು ಯಾರು ತಾನೇ ಹೇಳಿಯಾರು?

ಲೋಹಶಾಸ್ತ್ರ ವಿಭಾಗದವರು ಮೊದಲು ಕೇಳಿದ್ದು ಸಂಶೋಧನಾ ಪ್ರಸ್ತಾವನೆಯನ್ನು. ಅದು ಬೇಡ, ಒಮ್ಮೆ ಕತ್ತರಿಸಿ ನೋಡಿದರೆ ಸಾಕು ಎಂದು ವಿನಂತಿಸಿಕೊಂಡೆ. ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಕವಚದ ಒಂದು ತುಂಡನ್ನು ಕೊಯ್ದು, ಉಜ್ಜಿ ಹೊಳಪಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ರಂಧ್ರಗಳ ಅಂಚು ದುಂಡಗೆ, ನಯವಾಗಿತ್ತು. ಲೋಹ ಆರುವಾಗ ಕುಗ್ಗಿದ್ದರಿಂದ ಆದ ರಂಧ್ರವಾಗಿದ್ದರೆ ಅಂಚು ಅಂಕುಡೊಂಕಾಗಿ, ಮೊನಚಾಗಿ ಇರುತ್ತದೆ. ದುಂಡಗಿದ್ದರೆ ಅದು ಅನಿಲದ ಗುಳ್ಳೆ, ಅಂದರೆ ಕರಗಿದ ಅಲ್ಯೂಮಿನಿಯಂ ತೇವಾಂಶದಿಂದ ಹೀರಿಕೊಂಡ ಹೈಡ್ರೋಜನ್ ಎಂದು ಅವರು ವಿವರಿಸಿದರು. ಮರುದಿನ ಮೂವರೂ ಕಾರ್ಖಾನೆಗೆ ಹೋದೆವು. ಅಲ್ಯೂಮಿನಿಯಂ ಗಟ್ಟಿಗಳನ್ನು ಹಿಂಬದಿಯ ಬಯಲಿನಲ್ಲಿ, ಒಂದು ತಗಡಿನ ಕೆಳಗೆ ಪೇರಿಸಿಟ್ಟಿದ್ದರು. ಅವನ್ನು ಕುಲುಮೆಗೆ ಹಾಕುವ ಮೊದಲು ಕಾಯಿಸಿ ಒಣಗಿಸುವುದು, ಕರಗಿದ ಲೋಹದ ಮೂಲಕ ಒಣ ನೈಟ್ರೋಜನ್ ಹಾಯಿಸಿ ಹೈಡ್ರೋಜನ್ನನ್ನು ಹೊರಹಾಕುವುದು, ಇಷ್ಟೇ ಮದ್ದು. ಇದರಲ್ಲಿ ಹೊಸ ಶೋಧವೇನೂ ಇರಲಿಲ್ಲ. ಪಠ್ಯಪುಸ್ತಕದಲ್ಲಿ ಇದ್ದ ಜ್ಞಾನ ಕೆಲವೇ ಮೈಲು ಆಚೆಗಿದ್ದ ಕುಲುಮೆಯನ್ನು ತಲುಪಿರಲಿಲ್ಲ, ಅಷ್ಟೇ. ಮುಂದಿನ ಕೆಲವು ತಿಂಗಳಲ್ಲಿ ಆ ಮಾಲೀಕರು ತಮ್ಮಂಥ ಇನ್ನಿಬ್ಬರನ್ನು ತಾವಾಗಿಯೇ ಕರೆತಂದರು. ಗುಜರಿ ಲೋಹವನ್ನು ಮರುಬಳಸುವಾಗ ಅದರ ಮೇಲ್ಮೈಯ ತೇವ ಎಷ್ಟು ಕೆಡುಕು ಮಾಡುತ್ತದೆ ಎಂಬ ಪ್ರಶ್ನೆ ಆ ವಿದ್ಯಾರ್ಥಿನಿಗೆ ಸಿಕ್ಕಿದ್ದೂ ಅದೇ ಬಯಲಿನಲ್ಲಿ.

ಈಗ ನಿಮ್ಮ ಸಭೆಗಳ ವಿಚಾರಕ್ಕೆ ಬರುತ್ತೇನೆ. ಸಂಶೋಧಕರಾದ ಹೆನ್ರಿ ಎಟ್ಜ್‌ಕೋವಿಟ್ಜ್ ಮತ್ತು ಲೊಯೆಟ್ ಲೈಡೆಸ್‌ಡಾರ್ಫ್ 1990ರ ದಶಕದ ಮಧ್ಯದಲ್ಲಿ ವಿಶ್ವವಿದ್ಯಾಲಯ, ಉದ್ಯಮ, ಸರ್ಕಾರಗಳ ಸಂಬಂಧವನ್ನು ‘ತ್ರಿವಳಿ ಸುರುಳಿ’ ಎಂದು ಕರೆದರು. ಮೂರೂ ಎಳೆಗಳು ಒಂದನ್ನೊಂದು ಸುತ್ತಿಕೊಳ್ಳುತ್ತ ಮೇಲೇರುವ ಆ ಚಿತ್ರ ಸೊಗಸಾಗಿದೆ, ಆದರೆ ಮೂರೂ ಎಳೆಗಳು ಮೂರು ಬೇರೆ ಬೇರೆ ಗಡಿಯಾರಗಳಿಗೆ ಕಟ್ಟಿಬಿದ್ದಿವೆ ಎಂಬುದನ್ನು ಚಿತ್ರ ನೋಡಿದವರು ಮರೆಯುತ್ತಾರೆ. ಪ್ರಾಧ್ಯಾಪಕರಿಗೆ ಬಡ್ತಿ ಸಿಗುವುದು ಪ್ರಬಂಧಗಳಿಂದ, ಅವುಗಳಿಗೆ ವರ್ಷಗಳು ಬೇಕು. ಉದ್ಯಮಿಗೆ ಮುಂದಿನ ತಿಂಗಳ ಸರಬರಾಜೇ ಪ್ರಪಂಚ. ಅಧಿಕಾರಿಗೆ ಹಣಕಾಸು ವರ್ಷ ಮುಗಿಯುವುದರೊಳಗೆ ಖರ್ಚು ತೋರಿಸಬೇಕು, ಲೆಕ್ಕ ಪರಿಶೋಧನೆಗೆ ಉತ್ತರ ಹೇಳಬೇಕು. ಯಾರಲ್ಲೂ ದುರುದ್ದೇಶವಿಲ್ಲ. ಆದರೂ ಮೂವರನ್ನು ಒಂದೇ ಮೇಜಿನ ಸುತ್ತ ಕೂರಿಸಿದರೆ ಹೊರಡುವುದು ಸಭೆಯ ನಡಾವಳಿ ಮಾತ್ರ, ಏಕೆಂದರೆ ಮೂವರಿಗೂ ಒಪ್ಪಿಗೆಯಾಗುವ ಮಾತು ಎಂದರೆ ಯಾರಿಗೂ ಹೊರೆಯಾಗದ ಮಾತು.

ಆದ್ದರಿಂದ ಎಲ್ಲೆಲ್ಲಿ ಇಂಥ ಜಾಲ ಬೇರೂರಿದೆಯೋ ಅಲ್ಲೆಲ್ಲ ಈ ಗಡಿಯಾರಗಳ ನಡುವೆ ಅನುವಾದ ಮಾಡುವ ಒಂದು ಖಾಯಂ ಏರ್ಪಾಡು ಇರುವುದನ್ನು ಕಾಣಬಹುದು. ಬ್ರಿಟನ್ 1975ರಲ್ಲಿ ಆರಂಭಿಸಿದ, ಇಂದು ಜ್ಞಾನ ವರ್ಗಾವಣೆ ಪಾಲುದಾರಿಕೆ ಎಂಬ ಹೆಸರಿನಲ್ಲಿ ಮುಂದುವರಿದಿರುವ ಯೋಜನೆಯಲ್ಲಿ ಪದವೀಧರರೊಬ್ಬರು ವಿಶ್ವವಿದ್ಯಾಲಯದ ಮಾರ್ಗದರ್ಶನದಲ್ಲಿ ಕಂಪನಿಯೊಳಗೇ ಕುಳಿತು ಒಂದು ಗೊತ್ತಾದ ಕೆಲಸವನ್ನು ಮುಗಿಸಿಕೊಡುತ್ತಾರೆ. ಜ್ಞಾನವನ್ನು ವರದಿಯಲ್ಲಿ ಕಳುಹಿಸುವುದಕ್ಕಿಂತ ಮನುಷ್ಯನ ಕೈಯಲ್ಲಿ ಕಳುಹಿಸುವುದು ಲೇಸು ಎಂಬ ಸರಳ ವಿವೇಕ ಅದರ ಹಿಂದಿದೆ. ಜರ್ಮನಿಯಲ್ಲಿ ಅನ್ವಯಿಕ ಸಂಶೋಧನೆಗಾಗಿ 1949ರಲ್ಲಿ ಸ್ಥಾಪನೆಯಾದ ಫ್ರೌನ್‌ಹೋಫರ್ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು: 1973ರಿಂದ ಅದಕ್ಕೆ ಸಿಗುವ ಮೂಲ ಅನುದಾನವನ್ನು ಅದು ಹೊರಗಿನಿಂದ ಗುತ್ತಿಗೆಯ ಮೇಲೆ ಗಳಿಸುವ ಹಣಕ್ಕೆ ಜೋಡಿಸಿದ್ದರಿಂದ, ಕಾರ್ಖಾನೆಯ ಬಾಗಿಲು ತಟ್ಟುವುದು ಅಲ್ಲಿನ ಸಂಶೋಧಕರಿಗೆ ಉಪಕಾರವಾಗಿ ಉಳಿಯದೆ ನಿತ್ಯದ ಕಸುಬಾಯಿತು.

ಸಣ್ಣ ಉದ್ಯಮಿಗಳನ್ನು ಮರಳಿ ಕರೆತರಲು ನನಗೆ ಅತ್ಯಂತ ಇಷ್ಟವಾದ ಸಾಧನ ನಾವೀನ್ಯ ವೋಚರ್. ನೆದರ್ಲೆಂಡ್ಸ್‌ನಲ್ಲಿ 2004ರಲ್ಲಿ ಇದರ ಪ್ರಯೋಗ ನಡೆದಾಗ, ಸಣ್ಣ ಕಂಪನಿಗಳು ತಮ್ಮ ಪ್ರಶ್ನೆಯನ್ನು ಯಾವುದಾದರೂ ಸಾರ್ವಜನಿಕ ಸಂಶೋಧನಾ ಸಂಸ್ಥೆಗೆ ಕೊಂಡೊಯ್ಯಲು ಗರಿಷ್ಠ 7,500 ಯೂರೋ ಮೌಲ್ಯದ 100 ವೋಚರ್‌ಗಳನ್ನು ಕೊಟ್ಟರು. ಅರ್ಜಿಗಳು ಸಾವಿರ ದಾಟಿದ್ದರಿಂದ ಚೀಟಿ ಎತ್ತಿ ಹಂಚಿದರು. ಚೀಟಿ ಎತ್ತಿದ್ದೇ ಒಳ್ಳೆಯದಾಯಿತು, ಏಕೆಂದರೆ ವೋಚರ್ ಸಿಕ್ಕವರನ್ನೂ ಸಿಗದವರನ್ನೂ ಪಕ್ಷಪಾತವಿಲ್ಲದೆ ಹೋಲಿಸಲು ಸಾಧ್ಯವಾಯಿತು: ಹತ್ತು ವೋಚರ್‌ಗಳಲ್ಲಿ ಸುಮಾರು ಎಂಟು, ಅದಿಲ್ಲದಿದ್ದರೆ ನಡೆಯುತ್ತಲೇ ಇರಲಿಲ್ಲ ಎನ್ನಬಹುದಾದ ಕೆಲಸಕ್ಕೆ ದಾರಿ ಮಾಡಿದ್ದವು. ಇದರ ಬಲವಿರುವುದು ಮೊತ್ತದಲ್ಲಿ ಅಲ್ಲ. ಪ್ರಶ್ನೆ ಕೇಳುವ ಅಧಿಕಾರ ಉದ್ಯಮಿಯ ಕೈಗೆ ಬರುತ್ತದೆ, ಮತ್ತು ಪ್ರಯೋಗಾಲಯಕ್ಕೆ ಆತ ಬೇಡುವವನಾಗಿ ಹೋಗದೆ ಗ್ರಾಹಕನಾಗಿ ಹೋಗುತ್ತಾನೆ. ನಿಮ್ಮ ಜಾಲದ ಬಳಿ ಹಣ ಕಡಿಮೆ ಇದ್ದರೆ, ಸಮಾವೇಶಗಳಿಗೆ ಮೀಸಲಿಟ್ಟದ್ದನ್ನು ತೆಗೆದು ಇದಕ್ಕೆ ಹಾಕಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಸ್ಥಳೀಯ ಆಡಳಿತದ ಪಾತ್ರವನ್ನು ಹಣ ಕೊಡುವುದು, ಜಾಗ ಕೊಡುವುದು ಎಂಬಷ್ಟಕ್ಕೆ ಇಳಿಸುವ ರೂಢಿಯಿದೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ನಗರದ ಉದಾಹರಣೆ ಇದಕ್ಕಿಂತ ಹೆಚ್ಚಿನದನ್ನು ಕಲಿಸುತ್ತದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ದೊಡ್ಡ ಉದ್ಯೋಗದಾತ ಫಿಲಿಪ್ಸ್ ಭಾರಿ ಪ್ರಮಾಣದಲ್ಲಿ ಕೆಲಸಗಾರರನ್ನು ಕಡಿಮೆ ಮಾಡಿತು, 1993ರಲ್ಲಿ ಟ್ರಕ್ ತಯಾರಿಸುವ ಡಾಫ್ ದಿವಾಳಿಯಾಯಿತು. ಆಗ ನಗರದ ಮೇಯರ್, ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯಸ್ಥರು ಮತ್ತು ವಾಣಿಜ್ಯ ಮಂಡಳಿಯ ಮುಖ್ಯಸ್ಥರು ಒಟ್ಟಿಗೆ ಕುಳಿತು ಮಾತನಾಡತೊಡಗಿದರು, ಸುತ್ತಲಿನ ಪುರಸಭೆಗಳೂ ಕೈಜೋಡಿಸಿದವು, ಆ ಸಹಕಾರವೇ ಮುಂದೆ ಬ್ರೈನ್‌ಪೋರ್ಟ್ ಎಂಬ ಪ್ರಾದೇಶಿಕ ಒಕ್ಕೂಟದ ರೂಪ ತಾಳಿತು. ಫಿಲಿಪ್ಸ್ ಒಂದು ಕಾಲಕ್ಕೆ ಹೊರಗಿನವರಿಗೆ ಮುಚ್ಚಿಟ್ಟಿದ್ದ ತನ್ನ ಸಂಶೋಧನಾ ಆವರಣವನ್ನು 2003ರಲ್ಲಿ ಇತರ ಕಂಪನಿಗಳಿಗೆ ತೆರೆಯಿತು. ಒಂದು ಕಂಪನಿಯ ಮೇಲೆ ನಿಂತಿದ್ದ ಪ್ರದೇಶ ಹಲವು ಕಂಪನಿಗಳ ಪ್ರದೇಶವಾದದ್ದು ಹೀಗೆ. ಬೇರೆ ಬೇರೆ ಪುರಸಭೆಗಳು ಪರಸ್ಪರ ಪೈಪೋಟಿ ಬಿಟ್ಟು ಒಂದೇ ಪ್ರದೇಶವಾಗಿ ಯೋಚಿಸುವಂತೆ ಮಾಡುವುದು ಆಡಳಿತದವರಿಂದ ಮಾತ್ರ ಆಗುವ ಕೆಲಸ, ಅದನ್ನು ಪ್ರಾಧ್ಯಾಪಕರಾಗಲಿ ಉದ್ಯಮಿಗಳಾಗಲಿ ಮಾಡಲಾರರು.

ಜಾಲ ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಜರ್ಮನಿಯ ರೂರ್ ಪ್ರದೇಶದಲ್ಲಿ ಕಲ್ಲಿದ್ದಲು, ಉಕ್ಕಿನ ಕಂಪನಿಗಳು, ಕಾರ್ಮಿಕ ಸಂಘಗಳು ಮತ್ತು ರಾಜಕಾರಣಿಗಳ ನಡುವಿನ ನಂಟು ಎಷ್ಟು ಬಲವಾಗಿತ್ತೆಂದರೆ, ಆ ಉದ್ಯಮಗಳು ಕುಸಿಯುತ್ತಿದ್ದಾಗಲೂ ಎಲ್ಲರೂ ಒಬ್ಬರನ್ನೊಬ್ಬರು ಅದೇ ಹಳೆಯ ದಾರಿಯಲ್ಲಿ ಹಿಡಿದಿಟ್ಟುಕೊಂಡರು ಎಂದು ಆರ್ಥಿಕ ಭೂಗೋಳಶಾಸ್ತ್ರಜ್ಞ ಗೆರ್ನೋಟ್ ಗ್ರಾಬೆರ್ 1993ರಲ್ಲಿ ತೋರಿಸಿದರು. ಇದಕ್ಕೆ ಎದುರಾಗಿ ಸಿಲಿಕಾನ್ ಕಣಿವೆಯಲ್ಲಿ ಕೆಲಸಗಾರರು ಒಂದು ಕಂಪನಿ ಬಿಟ್ಟು ಪ್ರತಿಸ್ಪರ್ಧಿಯ ಬಳಿಗೆ ಸಲೀಸಾಗಿ ಹೋಗುತ್ತಿದ್ದರು. ಹಾಗೆ ಹೋಗದಂತೆ ತಡೆಯುವ ಕರಾರುಗಳನ್ನು ಕ್ಯಾಲಿಫೋರ್ನಿಯದ ಕಾನೂನು 1872ರಿಂದಲೂ ಮಾನ್ಯ ಮಾಡಿಲ್ಲ. ನಿಮ್ಮ ಸಮಿತಿಯಲ್ಲಿ ಎರಡು ವರ್ಷಗಳಿಂದಲೂ ಅವೇ ಹನ್ನೆರಡು ಮುಖಗಳಿದ್ದರೆ, ಹೊಸಬರು ಒಳಗೆ ಬರಲು ಬಾಗಿಲು ಎಲ್ಲಿದೆ ಎಂದು ಕೇಳಿಕೊಳ್ಳಬೇಕು.

ಪೇಟೆಂಟ್ ಮತ್ತು ಬೌದ್ಧಿಕ ಆಸ್ತಿಯ ಹಂಚಿಕೆಯ ಬಗ್ಗೆಯೂ ಕೇಳಿದ್ದೀರಿ. ಒಂದೇ ಪುಟದ ಸರಳ ಮಾದರಿ ಕರಾರೊಂದನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ, ಸಣ್ಣ ಪರೀಕ್ಷೆ, ಸಲಹೆಗಳಿಗೆ ಅದೇ ಸಾಕಾಗುತ್ತದೆ. ಇನ್ನೂ ಹುಟ್ಟದ ಶೋಧದ ಲಾಭ ಯಾರಿಗೆ ಎಷ್ಟು ಎಂದು ವಕೀಲರು ವಾದಿಸುತ್ತಿರುವಾಗಲೇ ಉದ್ಯಮಿ ಆಸಕ್ತಿ ಕಳೆದುಕೊಂಡದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡು ನೊಂದಿದ್ದೇನೆ.

ಎರಡು ವರ್ಷಕ್ಕೇ ಸೋತೆವೆಂದು ತೀರ್ಮಾನಿಸಬೇಡಿ. ಅಮೆರಿಕದ ಉತ್ತರ ಕೆರೊಲಿನದಲ್ಲಿ ಮೂರು ವಿಶ್ವವಿದ್ಯಾಲಯಗಳ ನಡುವಿನ ಜಾಗದಲ್ಲಿ 1959ರಲ್ಲಿ ಸ್ಥಾಪಿತವಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಸಂಶೋಧನಾ ಆವರಣ ಇಂದು ಎಲ್ಲರೂ ಎತ್ತಿ ಹೇಳುವ ಯಶಸ್ಸಿನ ಕಥೆ. ಆದರೆ 1965ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂ ಅಲ್ಲಿಗೆ ಬರುವುದಾಗಿ ಘೋಷಿಸುವವರೆಗೆ ಅದರ ಬೆಳವಣಿಗೆ ತೀರಾ ನಿಧಾನವಾಗಿತ್ತು. ಹಾಗೆಂದು ಕೈಕಟ್ಟಿ ಕಾಯಬೇಕೆಂದೂ ಅಲ್ಲ. ಮುಂದಿನ ಸಭೆಯನ್ನು ರದ್ದುಮಾಡಿ, ಆ ದಿನ ನಿಮ್ಮ ಸಂಯೋಜಕರನ್ನು, ಬರುವುದನ್ನು ನಿಲ್ಲಿಸಿದ ಐದು ಉದ್ಯಮಿಗಳ ಕಾರ್ಖಾನೆಗಳಿಗೆ ಕಳುಹಿಸಿ. ಕಚೇರಿಯಲ್ಲಿ ಕೂತು ಮಾತನಾಡದೆ ತಿರಸ್ಕೃತ ಮಾಲನ್ನು ಗುಡ್ಡೆ ಹಾಕಿದ ಮೂಲೆಯಲ್ಲಿ ನಿಂತು ಮಾತನಾಡಲು ಅವರಿಗೆ ಹೇಳಿ. ವರ್ಷಾಂತ್ಯದ ವರದಿಯಲ್ಲಿ ಒಪ್ಪಂದಗಳ ಸಂಖ್ಯೆ, ಸಭೆಗೆ ಬಂದವರ ಸಂಖ್ಯೆ ಬರೆಯುವ ಬದಲು, ಮೊದಲ ಸಲ ಅನುದಾನದಿಂದ ಪ್ರಯೋಗಾಲಯಕ್ಕೆ ಬಂದ ಕಂಪನಿಗಳಲ್ಲಿ ಎಷ್ಟು ಎರಡನೆಯ ಸಲ ಸ್ವಂತ ಹಣ ಕೊಟ್ಟು ಬಂದವು ಎಂದು ಬರೆಯಿರಿ. ನಮ್ಮ ಜಾಲದಲ್ಲಿ ಆ ಲೆಕ್ಕ ಶುರುವಾದದ್ದು ಪಂಪಿನ ಕವಚ ತಂದಿದ್ದ ಆ ಮಾಲೀಕರಿಂದಲೇ. ಎರಡನೆಯ ಸಲ ಅವರು ಬಂದಾಗ ಬಟ್ಟೆಯೊಳಗೆ ಬೇರೊಂದು ಬಿಡಿಭಾಗವಿತ್ತು, ಮತ್ತು ಪರೀಕ್ಷೆಯ ಶುಲ್ಕ ಎಷ್ಟು ಎಂದು ಅವರು ಮೊದಲೇ ವಿಚಾರಿಸಿಕೊಂಡು ಬಂದಿದ್ದರು.