ಉಳಿದ ನಾಲ್ವರನ್ನು ನೋಡಿ

ಹಾಸನದ ಓದುಗರೊಬ್ಬರ ಪತ್ರದ ಸಾರ: “ಕಳೆದ ಸಂಚಿಕೆಯ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಲೇಖನದಲ್ಲಿ ಜಾನ್ ಸ್ಟಾಕ್ಟನ್ ಅವರನ್ನು ‘ಪಾಯಿಂಟ್ ಗಾರ್ಡ್ (ಚೆಂಡು ತಂದು ತಂಡದ ದಾಳಿ ನಡೆಸುವ ಆಟಗಾರ) ಎಂದರೆ ಹೀಗಿರಬೇಕು’ ಎಂದು ಹೊಗಳಿದ್ದೀರಿ. 15,806 ಅಸಿಸ್ಟ್ ಎಂಬುದನ್ನು ಬಿಟ್ಟರೆ ಬೇರೆ ಕಾರಣ ಕೊಟ್ಟಿಲ್ಲ. ಒಂದೂ ಚಾಂಪಿಯನ್‌ಶಿಪ್ ಗೆಲ್ಲದವರು ಶ್ರೇಷ್ಠರಾಗುವುದು ಹೇಗೆ? ಸ್ಟೀಫನ್ ಕರ್ರಿ ನಾಲ್ಕು ಗೆದ್ದಿದ್ದಾರೆ. ಇಂದಿನ ಪಾಯಿಂಟ್ ಗಾರ್ಡ್ ಎಂದರೆ ಸ್ಕೋರ್ ಮಾಡುವವರು, ಅಷ್ಟೇ. ನಾನೂ ಮಗಳೂ ಬೆಳಿಗ್ಗೆ ಆರಕ್ಕೆ ಎದ್ದು ಪಂದ್ಯ ನೋಡುತ್ತೇವೆ. ಅವಳು ಒಂಬತ್ತನೇ ತರಗತಿ, ಶಾಲಾ ತಂಡದ ಪಾಯಿಂಟ್ ಗಾರ್ಡ್. ಪಿ.ಟಿ. ಮೇಷ್ಟ್ರು ‘ಶೂಟ್ ಮಾಡಬೇಡ, ಪಾಸ್ ಕೊಡು’ ಅಂತಾರೆ. ಅವಳಿಗೆ ಕರ್ರಿ ಥರ ಹೊಡೆಯುವ ಆಸೆ. ಅವಳು ಯಾರ ಮಾತು ಕೇಳಬೇಕು?”

ನಮಸ್ಕಾರ.

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸಾಗಲಿಲ್ಲ. ಕೊನೆಯಲ್ಲಿ ಮಗಳ ಪ್ರಶ್ನೆ ಇತ್ತಲ್ಲ, ಅದು ಬಿಡಲಿಲ್ಲ.

ಮೊದಲು ತಪ್ಪೊಪ್ಪಿಗೆ. ಆ ಲೇಖನ ಬರೆದವನು ನಾನೇ. ಸ್ಟಾಕ್ಟನ್ ದೊಡ್ಡವರು ಎನ್ನಲು ಒಂದು ಸಂಖ್ಯೆ ಮುಂದಿಟ್ಟು ಸುಮ್ಮನಾದೆ. ಅದು ಸಾಲದು, ನೀವು ಹೇಳಿದ್ದು ಸರಿ. ಆದರೆ ಅದರ ಬದಲಿಗೆ ನೀವು ಹಿಡಿದ ಎರಡು ಅಳತೆಗೋಲುಗಳನ್ನೂ, ಅಂದರೆ ಗೆದ್ದ ಚಾಂಪಿಯನ್‌ಶಿಪ್‌ಗಳ ಎಣಿಕೆಯನ್ನೂ ಹೊಡೆದ ಪಾಯಿಂಟ್‌ಗಳ ಎಣಿಕೆಯನ್ನೂ, ನಾನು ಒಪ್ಪಲಾರೆ. ಕರ್ರಿ ಶ್ರೇಷ್ಠ ಪಾಯಿಂಟ್ ಗಾರ್ಡ್ ಎಂಬುದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ಯಾಕೆ ಶ್ರೇಷ್ಠ ಎಂಬಲ್ಲಿ ಮಾತ್ರ ನಮ್ಮ ದಾರಿ ಬೇರೆಯಾಗುತ್ತದೆ.

ಅಸಿಸ್ಟ್ ಎಂದರೇನು ಎಂಬುದರಿಂದಲೇ ಶುರುಮಾಡೋಣ. ನಾನು ಪಾಸ್ ಕೊಟ್ಟೆ, ನೀವು ಬುಟ್ಟಿಗೆ ಹಾಕಿದಿರಿ, ನನಗೊಂದು ಅಸಿಸ್ಟ್. ಅದೇ ಪಾಸ್, ಅದೇ ಜಾಗ, ಆದರೆ ನಿಮ್ಮ ಗುರಿ ತಪ್ಪಿತು ಅನ್ನಿ, ನನಗೆ ಏನೂ ಇಲ್ಲ. ಚೆಂಡು ಹಿಡಿದ ನಿಮ್ಮನ್ನು ಎದುರಾಳಿ ಫೌಲ್ ಮಾಡಿ, ನೀವು ಎರಡು ಫ್ರೀ ಥ್ರೋ ಹಾಕಿದರೂ ಎನ್‌ಬಿಎ ಲೆಕ್ಕದಲ್ಲಿ ನನಗೆ ಏನೂ ಇಲ್ಲ. ನನ್ನ ಪಾಸ್‌ನಿಂದಲೇ ಎದುರಾಳಿಯ ಕಟ್ಟು ಸಡಿಲವಾಗಿ, ನೀವು ಮೂರನೆಯವರಿಗೆ ದಾಟಿಸಿ ಅವರು ಹಾಕಿದರೆ ಅಸಿಸ್ಟ್ ನಿಮ್ಮದು. ಇದರ ಮೇಲೆ, ಯಾವ ಪಾಸ್ ನೇರವಾಗಿ ಬುಟ್ಟಿಗೆ ಕಾರಣವಾಯಿತು ಎಂದು ತೀರ್ಮಾನಿಸುವುದು ಮೇಜಿನ ಬಳಿ ಕುಳಿತ ಸ್ಕೋರರ್. ಹೀಗೆ ಹುಟ್ಟುವ ಸಂಖ್ಯೆಗೆ ಬೆಲೆ ಇದೆ, ಆದರೆ ಅದು ಅರ್ಧ ಕಥೆ.

ಇನ್ನರ್ಧ ಕಥೆ ನೋಡಲು ನಿಮ್ಮ ಕರ್ರಿಯವರನ್ನೇ ತೆಗೆದುಕೊಳ್ಳಿ. 2015-16ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 82ರಲ್ಲಿ 73 ಪಂದ್ಯ ಗೆದ್ದಿತು. ಕರ್ರಿ 402 ತ್ರೀ ಪಾಯಿಂಟರ್ (ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್) ಹಾಕಿದರು, ಒಂದು ಮತವೂ ಬೇರೆಯವರಿಗೆ ಹೋಗದಂತೆ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಆದರು. ಆ ವರ್ಷ ಆ ತಂಡದಲ್ಲಿ ಅತಿ ಹೆಚ್ಚು ಅಸಿಸ್ಟ್ ಯಾರದು ಗೊತ್ತೇ? ಡ್ರೇಮಂಡ್ ಗ್ರೀನ್ ಅವರದು. ಪಂದ್ಯಕ್ಕೆ ಸರಾಸರಿ 7.4. ಅವರು ಫಾರ್ವರ್ಡ್, ಅಂದರೆ ಹೆಚ್ಚಾಗಿ ಬುಟ್ಟಿಯ ಹತ್ತಿರ ಆಡುವವರು. ಪಾಯಿಂಟ್ ಗಾರ್ಡ್ ಕರ್ರಿಯವರದು 6.7. ಅಸಿಸ್ಟ್ ಪಟ್ಟಿ ನಂಬಿದರೆ ಆ ತಂಡವನ್ನು ನಡೆಸಿದ್ದು ಗ್ರೀನ್ ಎನ್ನಬೇಕು.

ಅಂಗಳದಲ್ಲಿ ನಡೆಯುತ್ತಿದ್ದದ್ದು ಇದು. ಕರ್ರಿ ಮಧ್ಯಗೆರೆ ದಾಟಿ ಬರುತ್ತಾರೆ, ಗ್ರೀನ್ ಬಂದು ಸ್ಕ್ರೀನ್ ಹಾಕುತ್ತಾರೆ, ಅಂದರೆ ಕರ್ರಿಯನ್ನು ಕಾಯುವವರ ದಾರಿಗೆ ಅಡ್ಡ ನಿಲ್ಲುತ್ತಾರೆ. ಬುಟ್ಟಿಯಿಂದ ಮೂವತ್ತು ಅಡಿ ದೂರದಲ್ಲಿದ್ದರೂ ಕರ್ರಿಯನ್ನು ಒಬ್ಬರಿಗೆ ಬಿಡುವ ಧೈರ್ಯ ಎದುರಾಳಿಗೆ ಇಲ್ಲ, ಇಬ್ಬರು ಮೈಮೇಲೆ ಬೀಳುತ್ತಾರೆ. ಆ ಇಬ್ಬರು ಹತ್ತಿರ ಬರುವ ತನಕ ಕಾದು, ಬಂದ ಕ್ಷಣವೇ ಚೆಂಡನ್ನು ಗ್ರೀನ್‌ಗೆ ಬಿಡುತ್ತಾರೆ. ಈಗ ಬುಟ್ಟಿಯ ಕಡೆ ವಾರಿಯರ್ಸ್‌ನ ನಾಲ್ವರು, ತಡೆಯಲು ಮೂವರು. ಗ್ರೀನ್ ಎರಡು ಹೆಜ್ಜೆ ನುಗ್ಗಿ ಮೇಲಕ್ಕೆ ಎತ್ತಿ ಕೊಡುತ್ತಾರೆ, ಇನ್ನೊಬ್ಬರು ಡಂಕ್ ಮಾಡುತ್ತಾರೆ. ಗ್ರೀನ್‌ಗೆ ಅಸಿಸ್ಟ್, ಡಂಕ್ ಮಾಡಿದವರಿಗೆ ಎರಡು ಪಾಯಿಂಟ್. ಕರ್ರಿ ಹೆಸರಿನ ಮುಂದೆ ಆ ದಾಳಿಯಲ್ಲಿ ಒಂದಂಕಿಯೂ ಇಲ್ಲ. ಕೆಲವೊಮ್ಮೆ ಅವರು ಚೆಂಡು ಮುಟ್ಟುವುದೂ ಇಲ್ಲ. ಮೂಲೆಯಿಂದ ಓಡಿಬಂದರೆ ಸಾಕು, ಇಬ್ಬರು ಹಿಂದೆ ಹೋಗುತ್ತಾರೆ, ಬುಟ್ಟಿಯ ಕೆಳಗೆ ಬಾಗಿಲು ತೆರೆದುಕೊಳ್ಳುತ್ತದೆ.

ಹಾಗಾಗಿ ಅವರ ಶೂಟಿಂಗ್ ಕೇವಲ ಸ್ಕೋರ್ ಅಲ್ಲ. ಅದು ಉಳಿದ ನಾಲ್ವರಿಗೆ ಜಾಗ ಮಾಡಿಕೊಡುವ ಸಾಧನ. ಶ್ರೇಷ್ಠ ಪಾಯಿಂಟ್ ಗಾರ್ಡ್‌ಗೆ ನಾನು ಈಗ ಹಿಡಿಯುವ ಅಳತೆ ಇದೊಂದೇ: ಅವರು ಅಂಗಳದಲ್ಲಿರುವಾಗ ಉಳಿದ ನಾಲ್ವರ ಕೆಲಸ ಎಷ್ಟು ಹಗುರವಾಗುತ್ತದೆ? ಪಾಸ್‌ನಿಂದಾಗಲಿ, ಶಾಟ್‌ನಿಂದಾಗಲಿ, ಬರೀ ಓಟದಿಂದಾಗಲಿ, ಯಾವುದರಿಂದಾದರೂ ಸರಿ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಸ್ಟೀವ್ ನ್ಯಾಶ್. 2004ರಲ್ಲಿ ಅವರು ಡಲ್ಲಾಸ್ ಬಿಟ್ಟು ಫೀನಿಕ್ಸ್ ಸನ್ಸ್ ಸೇರಿದರು. ಹಿಂದಿನ ವರ್ಷ 29 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 62 ಗೆದ್ದಿತು. ನ್ಯಾಶ್ ಹೊಡೆದದ್ದು ಪಂದ್ಯಕ್ಕೆ ಬರೀ 15.5 ಪಾಯಿಂಟ್. ಆದರೂ ಎಂವಿಪಿ ಅವರೇ. ಡ್ರಿಬಲ್ ಮಾಡುತ್ತಾ ಬುಟ್ಟಿಯ ಕೆಳಗೆ ನುಗ್ಗಿ, ಶಾಟ್ ಸಿಗದಿದ್ದರೆ ಚೆಂಡು ಬಿಡದೆ ಹಿಂದಿನಿಂದ ಸುತ್ತಿ ಹೊರಬರುತ್ತಿದ್ದರು. ಅಷ್ಟರಲ್ಲಿ ಯಾರೋ ಒಬ್ಬರು ಖಾಲಿಯಾಗಿರುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಒಳ್ಳೆಯ ಬಡಿಸುವವರನ್ನು ನೀವು ನೋಡಿರುತ್ತೀರಿ. ಕೇಳುವ ಮೊದಲೇ ಯಾವ ಎಲೆಗೆ ಸಾರು ಬೇಕು ಎಂಬುದು ಅವರ ಕಣ್ಣಿಗೆ ಬಿದ್ದಿರುತ್ತದೆ. ನ್ಯಾಶ್ ಆಟ ನೋಡುವಾಗ ನನಗೆ ಅದೇ ನೆನಪು.

ಮುಖ್ಯ ವಿಷಯ 2005ರ ಪ್ಲೇಆಫ್‌ನದು, ಅಂದರೆ ಋತುವಿನ ಕೊನೆಯ ನಾಕೌಟ್ ಸರಣಿಗಳದು. ಎದುರಾಳಿ ಅವರ ಹಳೆಯ ತಂಡ ಡಲ್ಲಾಸ್. ನಾಲ್ಕನೇ ಪಂದ್ಯದಲ್ಲಿ ಡಲ್ಲಾಸ್ ಒಂದು ಉಪಾಯ ಮಾಡಿತು. ನ್ಯಾಶ್ ಬೇಕಾದಷ್ಟು ಹೊಡೆಯಲಿ, ಉಳಿದ ನಾಲ್ವರನ್ನು ಬಿಟ್ಟು ಕದಲಬೇಡಿ ಎಂದು. ನ್ಯಾಶ್ 48 ಪಾಯಿಂಟ್ ಹೊಡೆದರು. ಅಸಿಸ್ಟ್ ಐದಕ್ಕೆ ನಿಂತಿತು. ಸನ್ಸ್ ಸೋತಿತು. ಸ್ಕೋರ್ ಮಾಡುವುದೇ ಪಾಯಿಂಟ್ ಗಾರ್ಡ್ ಕೆಲಸವಾಗಿದ್ದರೆ ಆ ದಿನ ಅವರ ಜೀವನದ ಅತ್ಯುತ್ತಮ ದಿನವಾಗಬೇಕಿತ್ತು. ಎರಡು ಪಂದ್ಯದ ನಂತರ, ಆರನೆಯದರಲ್ಲಿ, ಅವರು 39 ಪಾಯಿಂಟ್ ಜೊತೆಗೆ 12 ಅಸಿಸ್ಟ್ ಕೊಟ್ಟರು. ಓವರ್‌ಟೈಮ್‌ನಲ್ಲಿ ಪಂದ್ಯವೂ ಸರಣಿಯೂ ಸನ್ಸ್ ಪಾಲಾಯಿತು. ನ್ಯಾಶ್ ಕೂಡ ಚಾಂಪಿಯನ್‌ಶಿಪ್ ಗೆಲ್ಲಲಿಲ್ಲ. ಆ ಕಾರಣಕ್ಕೆ ಅವರನ್ನು ಪಟ್ಟಿಯಿಂದ ಹೊಡೆದುಹಾಕಲು ನನ್ನ ಕೈ ಬರುವುದಿಲ್ಲ.

ರಸೆಲ್ ವೆಸ್ಟ್‌ಬ್ರೂಕ್ ಬಗ್ಗೆ ನೀವು ಬರೆದಿಲ್ಲ, ಆದರೆ ಸಂಖ್ಯೆಯ ಮಾತು ಬಂದಾಗ ಅವರನ್ನು ಬಿಡಲಾಗದು. 2016-17ರಲ್ಲಿ ಸರಾಸರಿ 31.6 ಪಾಯಿಂಟ್, 10.7 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿದದ್ದು), 10.4 ಅಸಿಸ್ಟ್. ಆಸ್ಕರ್ ರಾಬರ್ಟ್‌ಸನ್ 1961-62ರಲ್ಲಿ ಮಾಡಿದ ಮೇಲೆ ಇಡೀ ಋತುವಿನ ಟ್ರಿಪಲ್-ಡಬಲ್ (ಹೀಗೆ ಮೂರರಲ್ಲೂ ಎರಡಂಕಿ) ಸರಾಸರಿ ಇನ್ನೊಬ್ಬರಿಗೆ ದಕ್ಕಿರಲಿಲ್ಲ. ಜೊತೆಗಾರ ಕೆವಿನ್ ಡುರಾಂಟ್ ತಂಡ ಬಿಟ್ಟು ಹೋದ ವರ್ಷ ಅದು. ಒಬ್ಬರೇ ಇಡೀ ತಂಡವನ್ನು ಹೆಗಲ ಮೇಲೆ ಹೊತ್ತ ಆ ಛಲಕ್ಕೆ ನನ್ನ ಗೌರವ ಇದೆ. ಆದರೆ ಅವರು ಬೆಂಚಿಗೆ ಹೋದ ಕೂಡಲೇ ಆಟ ಕುಸಿಯುತ್ತಿತ್ತು. ಮೊದಲ ಸುತ್ತಿನಲ್ಲೇ ಹ್ಯೂಸ್ಟನ್ ಎದುರು 4-1ರಿಂದ ತಂಡ ಹೊರಬಿತ್ತು. ಹೊರುವುದು ಬೇರೆ, ನಡೆಸುವುದು ಬೇರೆ.

ಈಗ ಸ್ಟಾಕ್ಟನ್. ಕಳೆದ ಸಂಚಿಕೆಯಲ್ಲಿ ಬರೆಯಬೇಕಿದ್ದದ್ದನ್ನು ಇಲ್ಲಿ ಬರೆಯುತ್ತೇನೆ.

ಆರಡಿ ಒಂದಿಂಚು ಎತ್ತರ. 19 ಋತು ಒಂದೇ ತಂಡ, ಯೂಟಾ ಜಾಝ್. ಆಡಿದ್ದು 1,504 ಪಂದ್ಯ, ತಪ್ಪಿಸಿಕೊಂಡದ್ದು 22 ಮಾತ್ರ. ಅಸಿಸ್ಟ್ ದಾಖಲೆಯ ಮಾತಿನಲ್ಲಿ ಎಲ್ಲರೂ ಮರೆಯುವುದು ಅವರ 3,265 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು). ಅದೂ ಲೀಗ್ ದಾಖಲೆಯೇ. ಕಾರ್ಲ್ ಮಲೋನ್ ಜೊತೆ ಅವರು ಆಡಿದ ಪಿಕ್ ಅಂಡ್ ರೋಲ್ (ಒಬ್ಬರು ಸ್ಕ್ರೀನ್ ಹಾಕಿ, ಬುಟ್ಟಿಯತ್ತ ತಿರುಗಿ ಪಾಸ್ ಪಡೆಯುವ ತಂತ್ರ) ಇಡೀ ಲೀಗಿಗೆ ಬಾಯಿಪಾಠವಾಗಿತ್ತು. ಏನು ಬರುತ್ತದೆ ಎಂದು ಎದುರಾಳಿಗೆ ಗೊತ್ತು, ಪ್ರೇಕ್ಷಕರಿಗೂ ಗೊತ್ತು. ಆದರೂ ತಡೆಯಲಾಗುತ್ತಿರಲಿಲ್ಲ. ಗುಟ್ಟು ಇದ್ದದ್ದು ಪಾಸ್‌ನ ಚಂದದಲ್ಲಲ್ಲ, ಹೊತ್ತಿನಲ್ಲಿ. ಮಲೋನ್ ತಿರುಗುವ ಮುಂಚೆ ಬಿಟ್ಟರೆ ಚೆಂಡು ಕೈತಪ್ಪುತ್ತದೆ, ತಿರುಗಿ ನಿಂತ ಮೇಲೆ ಬಿಟ್ಟರೆ ಎದುರಾಳಿ ಬಂದಿರುತ್ತಾನೆ. ಆ ಎರಡರ ನಡುವಿನ ಕಣ್ಣು ಮಿಟುಕಿಸುವಷ್ಟು ಸಮಯ ಸ್ಟಾಕ್ಟನ್ ಅವರ ಕೈಗೆ ಮೈಗೂಡಿತ್ತು.

1997ರ ಫೈನಲ್ಸ್, ನಾಲ್ಕನೇ ಪಂದ್ಯ, ಎದುರಿಗೆ ಷಿಕಾಗೊ ಬುಲ್ಸ್. ಒಂದು ನಿಮಿಷಕ್ಕೂ ಕಡಿಮೆ ಉಳಿದಿದೆ, ಯೂಟಾ ಒಂದು ಪಾಯಿಂಟ್ ಹಿಂದೆ. ಮೈಕಲ್ ಜೋರ್ಡನ್ ಹೊಡೆದದ್ದು ತಪ್ಪಿ ಚೆಂಡು ಸ್ಟಾಕ್ಟನ್ ಕೈಗೆ ಬಂತು. ಸಾಮಾನ್ಯ ಗಾರ್ಡ್ ಆಗಿದ್ದರೆ ಚೆಂಡನ್ನು ನಿಧಾನಕ್ಕೆ ತಂದು, ಸಮಯ ನೋಡಿ, ಆಟ ಕಟ್ಟುತ್ತಿದ್ದರು. ಸ್ಟಾಕ್ಟನ್ ತಲೆ ಎತ್ತಿದರು, ಅಂಗಳದ ಇನ್ನೊಂದು ತುದಿಯತ್ತ ಓಡುತ್ತಿದ್ದ ಮಲೋನ್‌ಗೆ ನೇರವಾಗಿ ಎಸೆದರು. ಹತ್ತಿರದಲ್ಲೇ ಜೋರ್ಡನ್ ಇದ್ದರು. ಚೆಂಡು ಅವರನ್ನು ದಾಟಿ ಮಲೋನ್ ಕೈ ಸೇರಿತು, ಲೇಅಪ್ ಆಯಿತು, ಪಂದ್ಯ 78-73ರಿಂದ ಯೂಟಾದ್ದಾಯಿತು. ಆ ಎಸೆತದಲ್ಲಿ ಒಂದಡಿ ವ್ಯತ್ಯಾಸವಾಗಿದ್ದರೆ ಸೋಲಿನ ಹೊಣೆ ಇವತ್ತಿಗೂ ಅವರ ತಲೆ ಮೇಲೆ ಇರುತ್ತಿತ್ತು. ಪಟ್ಟಿಯಲ್ಲಿ ಅದೂ ಒಂದೇ ಅಸಿಸ್ಟ್. ಮೊದಲ ಕ್ವಾರ್ಟರ್‌ನ ಯಾವುದೋ ಸುಲಭದ ಪಾಸ್‌ಗೆ ಸಿಕ್ಕಷ್ಟೇ ಬೆಲೆ.

ಆ ವರ್ಷವೂ ಮರುವರ್ಷವೂ ಫೈನಲ್ಸ್ ಗೆದ್ದದ್ದು ಜೋರ್ಡನ್ ತಂಡ, ಎರಡೂ ಸಲ 4-2. ಇಬ್ಬರಲ್ಲಿ ಒಬ್ಬರು ಸೋಲಲೇಬೇಕಿತ್ತು. ಸೋತವರು ಸಣ್ಣವರಾದರು ಎಂದು ನಾನು ಹೇಳಲಾರೆ.

ಗೆದ್ದವರೂ ತಪ್ಪು ಮಾಡಿದ್ದಾರೆ, ಮಗಳಿಗೆ ಇದನ್ನು ಹೇಳಿ. ಐದು ಚಾಂಪಿಯನ್‌ಶಿಪ್ ಗೆದ್ದ ಮ್ಯಾಜಿಕ್ ಜಾನ್ಸನ್, 1984ರ ಫೈನಲ್ಸ್‌ನ ಎರಡನೇ ಪಂದ್ಯದಲ್ಲಿ ಸ್ಕೋರ್ ಸಮ ಇದ್ದಾಗ ಕೊನೆಯ ಸೆಕೆಂಡುಗಳನ್ನು ಡ್ರಿಬಲ್ ಮಾಡುತ್ತಲೇ ಕಳೆದುಬಿಟ್ಟರು. ಅವರ ತಂಡ ಲೇಕರ್ಸ್‌ಗೆ ಶಾಟ್ ತೆಗೆಯಲು ಆಗಲೇ ಇಲ್ಲ, ಓವರ್‌ಟೈಮ್‌ನಲ್ಲಿ ಬಾಸ್ಟನ್ ಗೆದ್ದಿತು. ಸರಣಿಯೂ ಕೈಬಿಟ್ಟಿತು. ಮರುವರ್ಷ ಅದೇ ಬಾಸ್ಟನ್ ತಂಡವನ್ನು ಅದೇ ಮ್ಯಾಜಿಕ್ ಫೈನಲ್ಸ್‌ನಲ್ಲಿ ಸೋಲಿಸಿದರು.

ಇನ್ನು ಮೇಷ್ಟ್ರ ಮಾತು. ಅವರು ‘ಪಾಸ್ ಕೊಡು’ ಎನ್ನುವುದು ತಪ್ಪಲ್ಲ. ಆ ವಯಸ್ಸಿನ ಮಕ್ಕಳು ಚೆಂಡು ಸಿಕ್ಕರೆ ಬುಟ್ಟಿಯೊಂದನ್ನೇ ನೋಡುತ್ತಾರೆ. ಆದರೆ ‘ಶೂಟ್ ಮಾಡಬೇಡ’ ಎಂಬುದನ್ನು ನಾನು ಒಪ್ಪುವುದಿಲ್ಲ, ಬೇಕಿದ್ದರೆ ಈ ಪುಟವನ್ನು ಅವರಿಗೆ ಗೌರವದಿಂದ ತೋರಿಸಿ. ಹೊಡೆಯುವುದಿಲ್ಲ ಎಂದು ಗೊತ್ತಾದ ಗಾರ್ಡ್‌ನ ಎದುರಾಳಿ ಎರಡು ಹೆಜ್ಜೆ ಹಿಂದೆ ನಿಂತು ಪಾಸ್ ಹೋಗುವ ದಾರಿಯನ್ನೇ ಮುಚ್ಚುತ್ತಾಳೆ. ಹೊಡೆಯಬಲ್ಲವಳಿಗೆ ಮಾತ್ರ ಪಾಸ್ ಕೊಡಲು ಜಾಗ ಸಿಗುತ್ತದೆ. ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಯ ಕೇಟ್ಲಿನ್ ಕ್ಲಾರ್ಕ್ ಆಟವನ್ನು ಅವಳಿಗೆ ತೋರಿಸಿ. ಬಹುದೂರದಿಂದ ಹೊಡೆಯುವುದಕ್ಕೇ ಹೆಸರಾದ ಹುಡುಗಿ, 2024ರ ಜುಲೈನಲ್ಲಿ, ತನ್ನ ಮೊದಲ ಋತುವಿನಲ್ಲೇ, ಒಂದೇ ಪಂದ್ಯದಲ್ಲಿ 19 ಅಸಿಸ್ಟ್ ಕೊಟ್ಟಳು. ಅದುವರೆಗೆ ಆ ಲೀಗ್‌ನಲ್ಲಿ ಯಾರೂ ಅಷ್ಟು ಕೊಟ್ಟಿರಲಿಲ್ಲ.

ಟೈರೀಸ್ ಹ್ಯಾಲಿಬರ್ಟನ್ ಅವರನ್ನೂ ತೋರಿಸಿ. 2019ರಲ್ಲಿ ಮುಂಬೈಗೆ ಬಂದು ಆಡಿದ ಎರಡು ತಂಡಗಳಿದ್ದವಲ್ಲ, ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್, ಆಮೇಲೆ ಅವರು ಆಡಿದ್ದು ಅವೆರಡೇ ತಂಡಗಳಿಗೆ. 2025ರ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಂದು ಪಂದ್ಯದಲ್ಲಿ 32 ಪಾಯಿಂಟ್, 15 ಅಸಿಸ್ಟ್, 12 ರೀಬೌಂಡ್, ಟರ್ನೋವರ್ (ಚೆಂಡು ಎದುರಾಳಿಗೆ ಕಳೆದುಕೊಂಡದ್ದು) ಸೊನ್ನೆ. ಆ ಸೊನ್ನೆಯ ಕಡೆಗೆ ಅವಳ ಬೆರಳಿಡಿಸಿ.

ಕೊನೆಗೆ, ಸಿಕ್ಕರೆ ಇನ್ನೊಂದು ತುಣುಕು. 1997ರ ಮೇ, ಹ್ಯೂಸ್ಟನ್, ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಆರನೇ ಪಂದ್ಯ. 100-100. ಉಳಿದಿರುವುದು 2.8 ಸೆಕೆಂಡು. ಇತಿಹಾಸದಲ್ಲೇ ಅತಿ ಹೆಚ್ಚು ಅಸಿಸ್ಟ್ ಕೊಟ್ಟ ಸ್ಟಾಕ್ಟನ್ ಈ ಸಲ ಯಾರಿಗೂ ಪಾಸ್ ಕೊಡುವುದಿಲ್ಲ. ಚೆಂಡು ಹಿಡಿದು, ಒಂದು ಡ್ರಿಬಲ್ ಹಾಕಿ, ದೂರದಿಂದ ತಾವೇ ಹೊಡೆಯುತ್ತಾರೆ. ಬಜರ್ ಜೊತೆಗೇ ಚೆಂಡು ಒಳಗೆ. ಯೂಟಾ ಮೊದಲ ಬಾರಿಗೆ ಫೈನಲ್ಸ್‌ಗೆ. ಇಷ್ಟನ್ನು ಎಲ್ಲರೂ ನೋಡುತ್ತಾರೆ. ನೀವು ಮತ್ತೊಮ್ಮೆ ಹಿಂದಕ್ಕೆ ಹಾಕಿ, ಸ್ಟಾಕ್ಟನ್ ಅವರನ್ನು ಬಿಟ್ಟು ಮಲೋನ್ ಅವರನ್ನು ನೋಡಿ. ವರ್ಷಗಟ್ಟಲೆ ಸ್ಟಾಕ್ಟನ್ ಪಾಸ್‌ಗಳನ್ನು ಬುಟ್ಟಿಗೆ ಹಾಕಿದ ಆ ಮನುಷ್ಯ ಆಗ ಹ್ಯೂಸ್ಟನ್ ತಂಡದ ಕ್ಲೈಡ್ ಡ್ರೆಕ್ಸ್ಲರ್ ದಾರಿಗೆ ಅಡ್ಡ ನಿಂತು, ಗೆಳೆಯನಿಗೆ ಹೊಡೆಯುವಷ್ಟು ಜಾಗ ಮಾಡಿಕೊಡುತ್ತಿರುತ್ತಾರೆ.

— ಸಂಪಾದಕ