ಓದುಗರ ಪ್ರಶ್ನೆ: ಟೈಂಟೇಬಲ್ ಎರಡನೇ ವಾರಕ್ಕೇ ಮೂಲೆ ಸೇರುವುದೇಕೆ?

ಪ್ರಶ್ನೆ: ಸಕಲೇಶಪುರದಿಂದ ದಿನಾ ಹಾಸನಕ್ಕೆ ಬಸ್ಸಿನಲ್ಲಿ ಕೆಲಸಕ್ಕೆ ಓಡಾಡುತ್ತೇನೆ. ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ) ಪರೀಕ್ಷೆ ಪಾಸಾಗುವುದು ಗುರಿ. ದಿನಕ್ಕೆ ನಾಲ್ಕು ಗಂಟೆ ಓದಬೇಕೆಂದು ಮೂರು ಸಲ ಟೈಂಟೇಬಲ್ ಹಾಕಿದೆ. ಎರಡು ವಾರ ದಾಟಲಿಲ್ಲ. ನನಗೆ ಛಲವೇ ಇಲ್ಲವೆ?

ಉತ್ತರ: ಛಲದ ಮಾತು ಆಮೇಲೆ, ಮೊದಲು ತಪ್ಪಿರುವುದು ಲೆಕ್ಕ. ಹೋಗಿಬರಲು ಸುಮಾರು 80 ಕಿ.ಮೀ., ಬಸ್ಸಿಗೆ ಕಾಯುವುದೂ ಸೇರಿ ಎರಡೂವರೆ ಗಂಟೆ ಅಲ್ಲೇ ಹೋಯಿತು. ಕಚೇರಿ, ಊಟ, ನಿದ್ದೆ ಕಳೆದ ಮೇಲೆ ನಾಲ್ಕು ಗಂಟೆ ಎಲ್ಲಿಂದ ಬರಬೇಕು? ಒಂದು ವಾರ ಹೊಸದೇನೂ ಶುರು ಮಾಡದೆ, ಎಷ್ಟು ಹೊತ್ತು ಯಾವುದಕ್ಕೆ ಹೋಯಿತೆಂದು ರಾತ್ರಿ ಬರೆದಿಡಿ. ನಿಜವಾಗಿ ಸಿಗುವ ಬಿಡುವು ಆಗ ಗೊತ್ತಾಗುತ್ತದೆ.

ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 75 ನಿಮಿಷ, ಭಾನುವಾರ 3 ಗಂಟೆ ಸಿಕ್ಕಿತೆನ್ನಿ. ವಾರಕ್ಕೆ ಒಂಬತ್ತೂಕಾಲು ಗಂಟೆ, 20 ವಾರಕ್ಕೆ 185. ಪಠ್ಯವನ್ನು 40 ತುಂಡು ಮಾಡಿ, ತುಂಡಿಗೆ 3 ಗಂಟೆಯಂತೆ 120 ಕೊಡಿ. ಪುನರಾವರ್ತನೆಗೆ 40, ಹಳೆಯ ಪ್ರಶ್ನೆಪತ್ರಿಕೆಗಳಿಗೆ 25. ಶನಿವಾರವನ್ನು ಖಾಲಿ ಬಿಡಿ, ಅದು ವಾರದ ಬಾಕಿ ತೀರಿಸುವ ದಿನ. ನಿಮ್ಮ ಹಳೆಯ ಮೂರೂ ಟೈಂಟೇಬಲ್‌ಗಳಲ್ಲಿ ಈ ಖಾಲಿ ದಿನ ಇರಲಿಲ್ಲವೆಂದು ತೋರುತ್ತದೆ. ನೆಂಟರು ಬಂದ ಒಂದು ಸಂಜೆಗೇ ಇಡೀ ವಾರ ಕುಸಿದುಬಿಡುವುದು ಹಾಗೆ.

ಇನ್ನೊಂದು ತೊಡಕೂ ಇದೆ. ‘ಪಾಸಾಗಬೇಕು’ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಕಟ್‌ಆಫ್ ನಿಲ್ಲುವುದು ಬೇರೆಯವರ ಅಂಕಗಳ ಮೇಲೆ. ‘ಈ ವಾರ ಎರಡು ತುಂಡು’ ಎನ್ನುವುದು ಕೈಯಲ್ಲಿದೆ. ಗೋಡೆಗೆ ಅಂಟಿಸಬೇಕಾದ್ದು ಇದನ್ನು. ಅಡ್ಡಿಗಳಿಗೂ ಮೊದಲೇ ಉತ್ತರ ಬರೆದಿಡಿ: ‘ಕರೆಂಟ್ ಹೋದರೆ, ನಿನ್ನೆ ಓದಿದ್ದನ್ನು ಪುಸ್ತಕ ಮುಚ್ಚಿ ಬಾಯಲ್ಲಿ ಹೇಳುತ್ತೇನೆ’. ‘ಹೀಗಾದರೆ–ಹೀಗೆ ಮಾಡುತ್ತೇನೆ’ ಎಂಬ ಈ ಬಗೆಯ ಯೋಜನೆಯನ್ನು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಬರೀ ‘ಮಾಡಬೇಕು’ ಅಂದುಕೊಳ್ಳುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ. ಮಲೆನಾಡಿನ ಮಳೆಗಾಲಕ್ಕಂತೂ ಇದಿಲ್ಲದೆ ಸಾಗದು.

21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬಂತು. ಕೆಲವರಿಗೆ 18 ಸಾಕೆಂದೂ, ಕೆಲವರಿಗೆ 254 ಬೇಕೆಂದೂ ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಿರಲಿಲ್ಲ.

ಪ್ರಶ್ನೆ: ಮೂಡಿಗೆರೆ ಹತ್ತಿರ 6 ಎಕರೆ ಅರೇಬಿಕಾ ಕಾಫಿ ತೋಟ. ಪ್ರತಿ ಜನವರಿ 1ಕ್ಕೆ ‘ಈ ವರ್ಷ ಸಾಲ ತೀರಿಸಬೇಕು’ ಎಂದು ಬರೆಯುತ್ತೇನೆ. ಏನೂ ಆಗಿಲ್ಲ.

ಉತ್ತರ: ಕಣದಲ್ಲಿ ಹಣ್ಣು, ತೋಟದಲ್ಲಿ ಆಳು ಇರುವ ದಿನ ಸಂಕಲ್ಪ ಮಾಡಿದರೆ ಅದು ಉಳಿಯುವುದೆಲ್ಲಿ? ಬೆಳೆಗಾರನ ವರ್ಷ ಶುರುವಾಗುವುದು ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಫೆಬ್ರುವರಿಯಲ್ಲಿ. ಆಗ ಕೂತು ಬರೆಯಿರಿ. ಬೆಲೆ, ಮಳೆ ಎರಡೂ ನಿಮ್ಮ ಮಾತು ಕೇಳುವುದಿಲ್ಲವಾದ್ದರಿಂದ ಸಾಲದ ಮೊತ್ತವನ್ನು ಗುರಿಯಾಗಿ ಇಡಬೇಡಿ. ಕಾಫಿ ಗಿಡದ ಕಾಂಡ ಕೊರೆದು ಹಾಳುಮಾಡುವ ಬಿಳಿ ಕಾಂಡಕೊರಕದ ದುಂಬಿ ಹೊರಬಂದು ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ. ಹಾರುವ ಮೊದಲೇ ಅದನ್ನು ತಡೆಯಬೇಕು. ‘ಮಾರ್ಚ್ ಮುಗಿಯುವುದರೊಳಗೆ ಆರೂ ಎಕರೆಯಲ್ಲಿ ಹುಳು ಬಿದ್ದ ಗಿಡ ಹುಡುಕಿ, ಕಿತ್ತು, ಸುಡುವುದು, ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ’: ಗುರಿಯೆಂದರೆ ಇಂಥದ್ದು. ಎರಡು ದಿನಕ್ಕೆ ಒಂದು ಎಕರೆಯಾದರೆ 12 ದಿನದ ಕೆಲಸ. ಇನ್ನು ಸಾಲ: ಕಾಫಿ ಮಾರಿದ ಹಣ ಕೈಸೇರಿದ ದಿನವೇ ಕಂತಿನ ಪಾಲನ್ನು ಬೇರೆ ಖಾತೆಗೆ ಹಾಕಿ, ಮದುವೆ–ಮುಂಜಿಯ ಖರ್ಚಿಗೆ ಮೊದಲು.

ಪ್ರಶ್ನೆ: ಬೇಲೂರಿನಲ್ಲಿ ಪಿಯುಸಿ ಓದುವ ಮಗನಿಗೆ ಗುರಿಯೇ ಇಲ್ಲ. ಕೇಳಿದರೆ ಸಿಡುಕುತ್ತಾನೆ.

ಉತ್ತರ: ‘ಮುಂದೆ ಏನಾಗ್ತೀಯ’ ಎಂದು ಕೇಳುವುದನ್ನು ಸದ್ಯ ನಿಲ್ಲಿಸಿ, ಹದಿನೇಳಕ್ಕೆ ಅದಕ್ಕೆ ಉತ್ತರ ಇರಲೇಬೇಕೆಂದಿಲ್ಲ. ರಜೆಯಲ್ಲಿ ಅವನೇ ಆರಿಸಿದ ಒಂದು ಕೆಲಸಕ್ಕೆ 15 ದಿನ ಬಿಡಿ: ಗ್ಯಾರೇಜೋ, ನರ್ಸರಿಯೋ, ಪರಿಚಿತರ ಲೆಕ್ಕಪತ್ರದ ಕಚೇರಿಯೋ. ಬಂದ ಮೇಲೆ ಯಾವುದು ಬೇಸರ ತಂತು ಎಂದಷ್ಟೇ ಕೇಳಿ.