ಬಟ್ಟೆ ಬದಲಾಯಿಸಿಕೊಳ್ಳೋಣ ಬಾ ಅಂದರೆ ಹೋಗಬೇಕಾ?

ನನ್ನನ್ನು ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಸ್ಟಾಕ್‌ಹೋಮಿಗೆ ಬಂದು ನಿನಗೆ ನಾಲ್ಕು ತಿಂಗಳಾಗಿದೆ. ಪಕ್ಕದ ಮನೆಯವಳು ‘ಶನಿವಾರ ಎಲ್ಲರೂ ಸೇರಿ ಬಟ್ಟೆ ಬದಲಾಯಿಸಿಕೊಳ್ಳುತ್ತೇವೆ, ನೀನೂ ನಾಲ್ಕೈದು ತೆಗೆದುಕೊಂಡು ಬಾ’ ಅಂದಿದ್ದಾಳೆ. ಹೋದರೆ ಇವರಿಗೆ ಬಟ್ಟೆಗೂ ಗತಿ ಇಲ್ಲ ಅಂದುಕೊಳ್ಳುತ್ತಾರಾ, ಮುಂದೆ ನಾವೂ ಕರೆಯಬೇಕಾ, ಕರೆದರೆ ಏನೇನು ಮಾಡಬೇಕು, ಸೀರೆ ತರಬಹುದಾ, ಊರಿನಲ್ಲಿರುವ ಅತ್ತೆಗೆ ಏನು ಹೇಳಲಿ. ಇಷ್ಟು ನಿನ್ನ ಪ್ರಶ್ನೆ.

ಹೋಗು. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸ್ವೀಡನ್ನಿನಲ್ಲಿ ಇದು ಕೈ ಖಾಲಿಯಾದವರ ಉಪಾಯ ಅಲ್ಲ. ಇಲ್ಲಿನ ನಿಸರ್ಗ ಸಂರಕ್ಷಣಾ ಸಂಘ 2010ರಿಂದ ವಸಂತದಲ್ಲಿ ‘ಕ್ಲೇಡ್‌ಬ್ಯೂತರ್‌ದಾಗ್’, ಅಂದರೆ ಬಟ್ಟೆ ಬದಲಾಯಿಸುವ ದಿನ ನಡೆಸುತ್ತದೆ. ಒಂದು ಬಟ್ಟೆ ಕೊಟ್ಟರೆ ಒಂದು ಚೀಟಿ, ಚೀಟಿ ಕೊಟ್ಟರೆ ಒಂದು ಬಟ್ಟೆ. ಮನೆಗಳಲ್ಲಿ ನಡೆಯುವುದು ಅದರದ್ದೇ ಚಿಕ್ಕ ರೂಪ. ಗೆಳತಿಯರ ನಡುವೆ ಚೀಟಿ ಬೇಕಿಲ್ಲ ಅಷ್ಟೆ.

ನನ್ನ ಮೊದಲ ಸಲದ ಕಥೆ ಹೇಳುತ್ತೇನೆ. ಬಂದ ಹೊಸತು. ಹಳೆಯದನ್ನು ಹೇಗೆ ಒಯ್ಯುವುದು ಅಂತ, ಧಾರವಾಡದಲ್ಲಿ ಕೊಂಡಿದ್ದ ಎರಡು ಹೊಸ ಕುರ್ತಾ ತೆಗೆದುಕೊಂಡು ಹೋದೆ. ಬೆಲೆ ಚೀಟಿ ಕೂಡ ಕಿತ್ತಿರಲಿಲ್ಲ. ಅದು ಇರಲಿ ಅಂತಲೇ ಬಿಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ! ಯಾರೂ ಮುಟ್ಟಲಿಲ್ಲ. ಉಡುಗೊರೆ ತಂದಿದ್ದಾಳೇನೋ ಅಂತ ಎಲ್ಲರಿಗೂ ಸಂಕೋಚ. ಅಲ್ಲೊಂದು ಬೂದು ಬಣ್ಣದ ಉಣ್ಣೆಯ ಸ್ವೆಟರ್ ಇತ್ತು. ಮೊಣಕೈ ಹತ್ತಿರ ಅದೇ ಬಣ್ಣದ ನೂಲಿನಲ್ಲಿ ನೀಟಾಗಿ ರಫು ಮಾಡಿದ್ದರು. ಮೂರು ಸಲ ಅದರ ಹತ್ತಿರ ಹೋಗಿ ಬಂದೆ, ಕೈ ಮಾತ್ರ ಏಳಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆ. ಆ ಚಳಿಗಾಲ ಪೂರ್ತಿ ಆ ಸ್ವೆಟರ್ ನೆನಪಾಗುತ್ತಿತ್ತು.

ಆಮೇಲೆ ಯೋಚಿಸಿದೆ. ನಮಗೆ ಅಡ್ಡ ಬರುವುದು ಮಡಿ ಮೈಲಿಗೆ ಅಂತ ನಾವು ಹೇಳಿಕೊಳ್ಳುತ್ತೇವೆ. ಅದು ಅರ್ಧ ಸತ್ಯ. ಅಕ್ಕನ ಯೂನಿಫಾರ್ಮ್ ಹಾಕಿಕೊಂಡೇ ನಾನು ಶಾಲೆ ಮುಗಿಸಿದ್ದು. ಅಮ್ಮನ ಹಳೇ ಸೀರೆಗಳನ್ನು ಸೇರಿಸಿ ಅಜ್ಜಿ ಹೊಲಿದ ಕೌದಿ ಇವತ್ತಿಗೂ ಇಲ್ಲಿ ನನ್ನ ಮಂಚದ ಮೇಲಿದೆ. ಮನೆಯೊಳಗೆ ಓಕೆ. ಮನೆಯಿಂದ ಹೊರಗೆ ಹೋದರೆ ಮಾತ್ರ ನಮ್ಮಲ್ಲಿ ಹಳೆ ಬಟ್ಟೆ ಯಾವಾಗಲೂ ಕೆಳಕ್ಕೇ ಇಳಿಯುವುದು. ಕೆಲಸದವಳಿಗೆ ಕೊಡುತ್ತೇವೆ, ಇಲ್ಲಾ ಪಾತ್ರೆಯವಳಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಳ್ಳುತ್ತೇವೆ. ಕೊಟ್ಟವರು ಮೇಲೆ, ತೆಗೆದುಕೊಂಡವರು ಕೆಳಗೆ. ಆ ಸ್ವೆಟರ್ ಎತ್ತಿಕೊಳ್ಳಲು ಆಗದಂತೆ ನನ್ನ ಕೈ ಹಿಡಿದದ್ದು ಇದೇ. ಆದ್ದರಿಂದ ನಿನ್ನ ಮನೆಯಲ್ಲಿ ಕರೆದಾಗ ಬಟ್ಟೆ ಜೋಡಿಸಿದ ಮೇಲೆ ಮೊದಲು ನೀನೇ ಒಂದು ಎತ್ತಿಕೊಂಡು ಎಲ್ಲರ ಎದುರು ಹಾಕಿಕೋ. ನಮ್ಮ ಕಡೆಯ ಗೆಳತಿಯರು ಬಂದಿದ್ದರಂತೂ ಇದು ತಪ್ಪದೆ ಮಾಡು. ಒಬ್ಬಳು ಎತ್ತಿಕೊಂಡರೆ ಉಳಿದವರ ಕೈ ತಾನಾಗಿ ಏಳುತ್ತದೆ.

ಮತ್ತೆ, ಬಲವಂತ ಬೇಡ. ಹೋಳಿಗೆ ಬಡಿಸಿದ ಹಾಗೆ ‘ತಗೊಳ್ರೀ, ನಿಮಗೇ ಒಪ್ಪುತ್ತೆ’ ಅಂತ ಹಿಂದೆ ಬೀಳುತ್ತೇವಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಬೇಡವಾದದ್ದನ್ನೂ ಸಂಕೋಚಕ್ಕೆ ಒಯ್ಯುತ್ತಾರೆ. ಮುಂದಿನ ಸಲ ಅದೇ ಬಟ್ಟೆ ವಾಪಸ್ ಬರುತ್ತದೆ!

ಆರೇಳು ಜನ ಸಾಕು, ಅಳತೆ ಸ್ವಲ್ಪ ಹೊಂದುವವರಾದರೆ ಒಳ್ಳೆಯದು. ಒಳಉಡುಪು, ಸಾಕ್ಸ್ ಬೇಡ ಅಂತ ಮೊದಲೇ ಹೇಳು. ಉಳಿದದ್ದು ಒಗೆದು, ಗುಂಡಿ ಜಿಪ್ ನೋಡಿ ತರಲಿ. ನಿನ್ನ ಬಟ್ಟೆಯ ವಾಸನೆ ಬೇರೆ ಯಾರಾದರೂ ಮೂಸಿ ನೋಡಲಿ, ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯೇ ಇಲ್ಲ. ಇಂಗು ಸಾಸಿವೆಯ ಒಗ್ಗರಣೆ ನೇರ ಹೋಗಿ ಉಣ್ಣೆಯಲ್ಲಿ ಕೂರುತ್ತದೆ. ಹಿಂದಿನ ದಿನ ಬಾಲ್ಕನಿಯಲ್ಲಿ ನೇತುಹಾಕಿಬಿಡು.

ಇನ್ನು ಕೋಟುಗಳು. ಮೊದಲ ಸಲ ನಮ್ಮ ಮನೆಯಲ್ಲಿ ಬಟ್ಟೆಗಳ ಸ್ಟ್ಯಾಂಡನ್ನು ಬಾಗಿಲ ಹತ್ತಿರವೇ ಇಟ್ಟಿದ್ದೆ. ಬಂದವರಲ್ಲಿ ಒಬ್ಬಳು ಕೋಟು ತೆಗೆದು ಅದಕ್ಕೇ ನೇತುಹಾಕಿದಳು. ಇನ್ನೊಬ್ಬಳು ಹಾಕಿ ನೋಡಿ, ಸರಿಯಾಗಿ ಕೂತಿತು ಅಂತ ಖುಷಿಯಿಂದ ಚೀಲಕ್ಕೆ ಹಾಕಿಕೊಂಡು ಹೊರಟೇಹೋದಳು. ಹೊರಗೆ ಮೈನಸ್ ಒಂಬತ್ತು. ಪಾಪ, ಕೋಟಿನವಳು ನನ್ನ ಗಂಡನ ಜಾಕೆಟ್ ಹಾಕಿಕೊಂಡು ಮನೆಗೆ ಹೋಗಬೇಕಾಯಿತು. ಆವತ್ತಿನಿಂದ ಬಂದವರ ಕೋಟು, ಶಾಲು ಎಲ್ಲ ಮಲಗುವ ಕೋಣೆಯ ಮಂಚದ ಮೇಲೆ, ಬಾಗಿಲು ಮುಚ್ಚಿ.

ತಿಂಡಿ ಕೊನೆಗೆ ಕೊಡು. ನಾನು ಗದಗಿನವಳು, ಗಿರ್ಮಿಟ್ ಮಾಡಿದ್ದೆ. ಅರಿಶಿನದ ಕೈ ಬಿಳಿ ಲಿನನ್ ಶರ್ಟಿಗೆ ತಾಗಿತು. ಇವರ ಫೀಕಾದಂತೆ, ಅಂದರೆ ಕಾಫಿ ವಿರಾಮದಂತೆ, ಕಾಫಿ, ದಾಲ್ಚಿನ್ನಿ ಬನ್ ಸಾಕು, ಅದೂ ಬಟ್ಟೆಯೆಲ್ಲ ಚೀಲ ಸೇರಿದ ಮೇಲೆ.

ಸೀರೆ ತರಬಹುದಾ ಅಂತ ಕೇಳಿದ್ದೀಯ. ನಮ್ಮವರೇ ಸೇರಿದಾಗ ಅದರಷ್ಟು ಚೆಂದ ಬೇರೆ ಇಲ್ಲ. ಯುಗಾದಿಗೂ ರಾಜ್ಯೋತ್ಸವಕ್ಕೂ ಅದೇ ಸೀರೆ ಅನ್ನುವ ಕೊರಗು ಹೋಗುತ್ತದೆ. ರವಿಕೆಯ ಬದಿಯಲ್ಲಿ ಟೈಲರ್ ಒಳಗೆ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಹೊಲಿಸಿಕೊಳ್ಳಬಹುದು, ಇಲ್ಲದಿದ್ದರೆ ಸೀರೆ ಮಾತ್ರ ಕೊಡು. ಆದರೆ ಇಲ್ಲಿನವರಿರುವ ಕಡೆ ಜೋಪಾನ. ನನ್ನ ಗೆಳತಿ ಇಲ್ಲಿನವಳೊಬ್ಬಳಿಗೆ ಒಂದು ಇಳಕಲ್ ಸೀರೆ ಕೊಟ್ಟಿದ್ದಳು, ಕೆಂಪು ತೋಪು ತೆನೆ ಸೆರಗಿನದು. ಆರು ತಿಂಗಳ ನಂತರ ಆ ಮನೆಗೆ ಊಟಕ್ಕೆ ಹೋದರೆ ಅದೇ ಸೆರಗು ಸೋಫಾದ ಮೇಲೆ ನಾಲ್ಕು ದಿಂಬಿನ ಕವರ್ ಆಗಿ ಕೂತಿದೆ. ಮನೆಯಾಕೆ ಎಷ್ಟು ಹೆಮ್ಮೆಯಿಂದ ತೋರಿಸಿದಳು ಅಂದರೆ, ಇವಳು ಅಳಬೇಕೋ ನಗಬೇಕೋ ಗೊತ್ತಾಗದೆ ಸುಮ್ನೆ ‘ಚೆನ್ನಾಗಿದೆ’ ಅಂದಳು. ಕೊಟ್ಟ ಮೇಲೆ ಅದು ಅವರದು. ಆಮೇಲೆ ವಿಚಾರಿಸಬೇಕು ಅನ್ನಿಸುವ ಬಟ್ಟೆಯನ್ನು ಬೀರುವಿನಿಂದ ತೆಗೆಯಲೇಬೇಡ.

ಉಳಿದ ಬಟ್ಟೆಯನ್ನು ನಾನು ಮ್ಯೂರೂರ್ನಾ ಅಂಗಡಿಗೆ ಕೊಡುತ್ತೇನೆ. ಸಾಲ್ವೇಶನ್ ಆರ್ಮಿಯವರದು, ಆ ಹೆಸರಿನ ಅರ್ಥ ‘ಇರುವೆಗಳು’. ಕಸದ ಚೀಲಕ್ಕೆ ಹಾಕಬೇಡ. 2025ರ ಜನವರಿಯಿಂದ ಬಟ್ಟೆಯನ್ನು ಬೇರೆಯಾಗಿಯೇ ಕೊಡಬೇಕೆಂಬ ನಿಯಮ ಬಂದಿದೆ. ತೀರಾ ಹರಿದದ್ದು, ಕಲೆಯಾದದ್ದಕ್ಕೆ ಮಾತ್ರ ಅದೇ ವರ್ಷ ಅಕ್ಟೋಬರಿನಲ್ಲಿ ಸಡಿಲ ಮಾಡಿದರು.

ಅತ್ತೆಯ ವಿಷಯ. ಒಗೆದ ಬಟ್ಟೆ ಅಂತ ಹೇಳು, ಅದು ನಿಜವೇ. ಉಣ್ಣೆಯದನ್ನು ನುಸಿಯ ಭಯಕ್ಕೆ ಇಲ್ಲಿ ಕೆಲವು ದಿನ ಫ್ರೀಜರ್‌ನಲ್ಲಿ ಇಡುತ್ತಾರೆ. ನಾನೂ ಇಡುತ್ತೇನೆ, ತುರಿದ ತೆಂಗಿನಕಾಯಿ ಪ್ಯಾಕೆಟ್ ಪಕ್ಕದಲ್ಲೇ. ಅದನ್ನು ಮಾತ್ರ ನನ್ನ ಅತ್ತೆಗೆ ಇನ್ನೂ ಹೇಳಿಲ್ಲ.

ನಿನಗೆ ನಿಜವಾಗಿ ಲಾಭ ಆಗುವುದು ಮಕ್ಕಳ ಬಟ್ಟೆಯಲ್ಲಿ. ಇಲ್ಲಿ ಮಕ್ಕಳ ಸೈಜ್ ಅಂದರೆ ಎತ್ತರದ ಸೆಂಟಿಮೀಟರ್: 98, 104, 110, 116. ಹಿಮ ಬಿದ್ದರೂ ಶಿಶುವಿಹಾರದವರು ಮಕ್ಕಳನ್ನು ಹೊರಗೇ ಆಡಿಸುತ್ತಾರೆ. ದಪ್ಪ ಓವರಾಲ್ ಬೇಕು, ಮಳೆಗೆ ರಬ್ಬರಿನಂಥ ಪ್ಯಾಂಟ್ ಬೇರೆ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಎರಡೂ ಗಿಡ್ಡ. ನನ್ನ ಮಗಳ ಓವರಾಲಿನ ಕಾಲರ್ ಒಳಗೆ ಮೂರು ಮಕ್ಕಳ ಹೆಸರಿದೆ. ಎರಡು ಸ್ವೀಡಿಶ್ ಹೆಸರುಗಳನ್ನು ಪೆನ್ನಿನಲ್ಲಿ ಹೊಡೆದುಹಾಕಿದ್ದಾರೆ, ಕೆಳಗೆ ಇವಳದು. ನಿನ್ನ ಮಗನಿಗೆ ಐದು ವರ್ಷ ಅಂದೆಯಲ್ಲ, 116 ಸ್ವಲ್ಪ ದೊಡ್ಡದಾದರೂ ಮಾರ್ಚ್ ತನಕ ಆಗುತ್ತದೆ. ತೆಗೆದಿಟ್ಟಿದ್ದೇನೆ, ಬಂದು ಒಯ್ಯಿ. ಜಿಪ್ ನಡುವೆ ಒಂದು ಕಡೆ ಹಿಡಿಯುತ್ತದೆ, ಮೇಣದಬತ್ತಿ ಉಜ್ಜು, ಸರಿಯಾಗುತ್ತದೆ.